ಎರಡು ಸಿಮ್ ಹಾಕಿದರೆ ಸಾಲದು: ಬೇರೆ ಬೇರೆ ತಂತ್ರಜ್ಞಾನದ ಜಾಲಗಳನ್ನು ಒಂದೇ ಫೋನಿನಲ್ಲಿ, ಒಂದೇ ಮನೆಯಲ್ಲಿ ಜೋಡಿಸುವ ಬಗೆ

ಈಗ ಮಾರುಕಟ್ಟೆಯಲ್ಲಿರುವ ಬಹುತೇಕ ಫೋನುಗಳಲ್ಲಿ ಎರಡು ಸಿಮ್‌ಗೆ ಜಾಗವಿದೆ. ಹಾಗಿದ್ದೂ ಮಳೆಗಾಲದಲ್ಲಿ ಸಕಲೇಶಪುರ, ಶೃಂಗೇರಿ, ಸಿರ್ಸಿ ಕಡೆಯ ಮನೆಗಳಲ್ಲಿ ಎರಡೂ ಸಿಮ್ ಒಟ್ಟಿಗೇ ‘ನೋ ಸರ್ವಿಸ್’ ತೋರಿಸುವುದು ಅಪರೂಪವಲ್ಲ. ಕಂಪನಿ ಎರಡಾದರೂ ಟವರ್ ಒಂದೇ ಇರುತ್ತದೆ. ಕರೆಂಟು ಹೋಗಿ ಆ ಟವರಿನ ಬ್ಯಾಟರಿ ಮುಗಿದರೆ ಇಬ್ಬರದೂ ಮುಗಿಯಿತು. ಎರಡು ಜಾಲ ಇಟ್ಟುಕೊಂಡ ಲಾಭ ಸಿಗಬೇಕಾದರೆ ಅವೆರಡೂ ಬೇರೆ ಬೇರೆ ಕಾರಣಕ್ಕೆ ಕೈಕೊಡುವಂತಿರಬೇಕು. ಅಂದರೆ ತಂತ್ರಜ್ಞಾನ ಬೇರೆ, ಬ್ಯಾಂಡ್ (ಸಿಗ್ನಲ್ ಓಡುವ ಆವರ್ತನದ ಪಟ್ಟಿ) ಬೇರೆ, ಸಾಧ್ಯವಾದರೆ ಟವರೂ ಬೇರೆ. ಅಂಥ ಜೋಡಿಯನ್ನು ಆರಿಸಿ ಹೊಂದಿಸುವ ಕ್ರಮ ಇಲ್ಲಿದೆ.

ಯಾರ ಜಾಲ ಯಾವುದರ ಮೇಲೆ ನಿಂತಿದೆ

ಜಿಯೋಗೆ 2ಜಿ, 3ಜಿ ಎಂಬುದೇ ಇಲ್ಲ. ಅದರ 4ಜಿ 850, 1800, 2300 ಮೆಗಾಹರ್ಟ್ಸ್‌ಗಳಲ್ಲಿದೆ. 5ಜಿ 700 ಮತ್ತು 3300ರಲ್ಲಿದೆ. ಕರೆಯೂ ಡೇಟಾದ ಮೇಲೆಯೇ ಹೋಗುವುದರಿಂದ ಫೋನಿನಲ್ಲಿ ವೋಲ್ಟಿ (4ಜಿ ಡೇಟಾದ ಮೇಲೆ ಕರೆ ಒಯ್ಯುವ ಸೌಲಭ್ಯ) ಆಫ್ ಆಗಿದ್ದರೆ ಜಿಯೋ ಸಿಮ್‌ನಿಂದ ಮಾತೇ ಆಡಲಾಗದು.

ಏರ್‌ಟೆಲ್ 3ಜಿ ನಿಲ್ಲಿಸಿದೆ, 2ಜಿ ಉಳಿಸಿಕೊಂಡಿದೆ. ಅದರ 4ಜಿ 900, 1800, 2100, 2300ರಲ್ಲಿ ಹರಡಿಕೊಂಡಿದೆ. ವೋಲ್ಟಿ ಸಿಗದ ಜಾಗದಲ್ಲಿ ಕರೆ 2ಜಿಗೆ ಇಳಿಯುತ್ತದೆ. ಧ್ವನಿ ಸ್ವಲ್ಪ ಒರಟಾಗುತ್ತದೆ, ಡೇಟಾ ನಿಲ್ಲುತ್ತದೆ, ಕರೆ ಮಾತ್ರ ನಡೆಯುತ್ತದೆ. ವಿಐ ಕೂಡ 2ಜಿ ಉಳಿಸಿಕೊಂಡ ಕಂಪನಿಯೇ. ಅದರ 5ಜಿ 2025ರಿಂದ ಈಚೆಗೆ ಬಂದದ್ದು.

ಬಿಎಸ್‌ಎನ್‌ಎಲ್ ಕತೆ ಬೇರೆ. ಟಿಸಿಎಸ್, ತೇಜಸ್, ಸಿ-ಡಾಟ್ ಸೇರಿ ಕಟ್ಟಿದ ದೇಶೀಯ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಅಧಿಕೃತವಾಗಿ ಉದ್ಘಾಟನೆಯಾಯಿತು. ಅದು ಮುಖ್ಯವಾಗಿ 700 ಮತ್ತು 2100ರಲ್ಲಿ ನಡೆಯುತ್ತದೆ. ಇಲ್ಲೊಂದು ತೊಡಕಿದೆ. 700 ಮೆಗಾಹರ್ಟ್ಸ್ ಎಂದರೆ ಬ್ಯಾಂಡ್ 28. ಹಳೆಯ ಅಗ್ಗದ 4ಜಿ ಫೋನುಗಳಲ್ಲಿ ಈ ಬ್ಯಾಂಡ್ ಇರುವುದಿಲ್ಲ. ಪಕ್ಕದ ಮನೆಯವರಿಗೆ ಬಿಎಸ್‌ಎನ್‌ಎಲ್ 4ಜಿ ಬರುತ್ತಿದ್ದು ನಿಮ್ಮ ಫೋನಿನಲ್ಲಿ 2ಜಿ ಮಾತ್ರ ಕಂಡರೆ ಸಿಮ್ ಬದಲಿಸಲು ಓಡುವ ಮೊದಲು ಫೋನಿನ ಬ್ಯಾಂಡ್ ಪಟ್ಟಿ ನೋಡಿ. ಸಿಮ್ ಹಳೆಯ 2ಜಿ-3ಜಿ ಕಾಲದ್ದಾಗಿದ್ದರೆ ಅದನ್ನೂ 4ಜಿ ಸಿಮ್‌ಗೆ ಬದಲಿಸಿಕೊಳ್ಳಲೇಬೇಕು.

5ಜಿ ವಿಷಯಕ್ಕೆ ಬಂದರೆ ಪೈಪೋಟಿ ನಿಜವಾಗಿ ತಂತ್ರಜ್ಞಾನದ್ದು. 2022ರಲ್ಲಿ ಏರ್‌ಟೆಲ್ ಎನ್‌ಎಸ್‌ಎ (ನಾನ್-ಸ್ಟ್ಯಾಂಡಲೋನ್) ದಾರಿ ಹಿಡಿಯಿತು, ಜಿಯೋ ಎಸ್‌ಎ (ಸ್ಟ್ಯಾಂಡಲೋನ್) ದಾರಿ ಹಿಡಿಯಿತು. ಎನ್‌ಎಸ್‌ಎಯಲ್ಲಿ ಫೋನು ಮೊದಲು 4ಜಿಯನ್ನು ಹಿಡಿದು ಅದರ ಆಸರೆಯಲ್ಲಿ 5ಜಿ ಸೇರಿಸಿಕೊಳ್ಳುತ್ತದೆ. ಆಸರೆಯ 4ಜಿ ಸೋತರೆ 5ಜಿ ಕೂಡ ಮಾಯ. ಎಸ್‌ಎಯಲ್ಲಿ 5ಜಿಗೆ ತನ್ನದೇ ಕೋರ್ ಜಾಲವಿದೆ (ಟವರುಗಳ ಹಿಂದೆ ನಿಂತು ಕರೆ, ಡೇಟಾ ನಡೆಸುವ ಕೇಂದ್ರ ವ್ಯವಸ್ಥೆ), 4ಜಿಯ ಹಂಗಿಲ್ಲ. ಆದರೆ ಫೋನಿನ ಸಾಫ್ಟ್‌ವೇರ್ ಎಸ್‌ಎಗೆ ಅವಕಾಶ ಕೊಟ್ಟಿರಬೇಕು. 2024ರಲ್ಲಿ ಬಂದ ರೆಡ್‌ಮಿ ಎ4 5ಜಿ ಎಸ್‌ಎ ಮಾತ್ರ ಬಲ್ಲ ಫೋನು. ಹಾಗಾಗಿ ಏರ್‌ಟೆಲ್‌ನ ಎನ್‌ಎಸ್‌ಎ 5ಜಿ ಅದರಲ್ಲಿ ಬರುವುದಿಲ್ಲ. ಪೆಟ್ಟಿಗೆಯ ಮೇಲೆ ‘5ಜಿ’ ಎಂದಿದ್ದ ಮಾತ್ರಕ್ಕೆ ಎಲ್ಲರ 5ಜಿಯೂ ಬರುತ್ತದೆ ಎಂದುಕೊಳ್ಳಬೇಡಿ. ಸ್ಪೆಸಿಫಿಕೇಶನ್ ಪುಟದಲ್ಲಿ ‘ಎಸ್‌ಎ / ಎನ್‌ಎಸ್‌ಎ’ ಎರಡೂ ಇರಬೇಕು, ಬ್ಯಾಂಡ್‌ಗಳಲ್ಲಿ ಎನ್28 (700) ಮತ್ತು ಎನ್78 (3300) ಎರಡೂ ಇರಬೇಕು.

ಇಂಥ ಎದುರಾಳಿ ತಂತ್ರಗಳನ್ನು ಒಂದೇ ಕೈಯಲ್ಲಿ ಹಿಡಿಯುವ ಪ್ರಯತ್ನ ಇಂದಿನದಲ್ಲ. ಜಿಎಸ್‌ಎಂ ಮತ್ತು ಸಿಡಿಎಂಎ ಎಂಬ ಒಂದಕ್ಕೊಂದು ಹೊಂದದ ಮೊಬೈಲ್ ತಂತ್ರಜ್ಞಾನಗಳ ನಡುವೆ ದೇಶ ಎರಡು ಪಾಲಾಗಿದ್ದಾಗ ಎರಡನ್ನೂ ಬಲ್ಲ ಜೋಡಿ ಫೋನುಗಳು ಬಂದಿದ್ದವು. ಒಂದೇ ಕಂಪನಿ ಎರಡನ್ನೂ ನಡೆಸಬಹುದೆಂದು 2007ರ ಅಕ್ಟೋಬರ್‌ನಲ್ಲಿ ಸರಕಾರ ಒಪ್ಪಿತು. ಅಂದು ಸಿಡಿಎಂಎ ಓಡುತ್ತಿದ್ದ 850ರ ಪಟ್ಟಿಯಲ್ಲೇ ಇಂದು ಜಿಯೋ 4ಜಿ ಓಡುತ್ತಿದೆ. ಬೆಂಗಳೂರಿಗೆ 2012ರಲ್ಲಿ ಬಂದ ಏರ್‌ಟೆಲ್ 4ಜಿ ಕೂಡ 2300ರ ಟಿಡಿಡಿ ಬಗೆಯದ್ದು, ಅಂದರೆ ಕಳಿಸುವುದೂ ಪಡೆಯುವುದೂ ಒಂದೇ ಆವರ್ತನದಲ್ಲಿ ಸರದಿಯಂತೆ. ಈಗ ಅದೇ ಟಿಡಿಡಿಯನ್ನು 1800ರ ಎಫ್‌ಡಿಡಿ (ಕಳಿಸಲು, ಪಡೆಯಲು ಬೇರೆ ಬೇರೆ ಆವರ್ತನ) ಜೊತೆ ಹೆಣೆದು ಒಂದೇ ಫೋನಿಗೆ ಕೊಡುತ್ತಾರೆ. ಕ್ಯಾರಿಯರ್ ಅಗ್ರಿಗೇಶನ್ ಎನ್ನುವುದು ಇದನ್ನೇ.

ಮೊದಲು ಅಳೆಯಿರಿ

ಕಡ್ಡಿ ನೋಡಿ ಸಿಮ್ ಕೊಳ್ಳಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದನ್ನು ಫೋನ್ ಕಂಪನಿಯೇ ತೀರ್ಮಾನಿಸುತ್ತದೆ. ಬೇಕಾದದ್ದು ಎರಡು ಅಂಕಿ: ಆರ್‌ಎಸ್‌ಆರ್‌ಪಿ, ಅಂದರೆ ಸಿಗ್ನಲ್ ಎಷ್ಟು ಬಲವಾಗಿ ಬರುತ್ತಿದೆ, ಎಸ್‌ಐಎನ್‌ಆರ್, ಅಂದರೆ ಅದು ಎಷ್ಟು ಶುದ್ಧವಾಗಿದೆ.

ಆಂಡ್ರಾಯ್ಡ್‌ನಲ್ಲಿ *#*#4636#*#* ಒತ್ತಿದರೆ ‘ಫೋನ್ ಇನ್‌ಫರ್ಮೇಶನ್’ ತೆರೆದುಕೊಳ್ಳುತ್ತದೆ. ಸ್ಯಾಮ್‌ಸಂಗ್‌ನಲ್ಲಿ *#0011#, ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಮಾಡಿ. ಇವು ತೆರೆಯದಿದ್ದರೆ ನೆಟ್‌ವರ್ಕ್ ಸೆಲ್ ಇನ್ಫೋ ಅಥವಾ ಸೆಲ್‌ಮ್ಯಾಪರ್ ಆ್ಯಪ್ ಹಾಕಿಕೊಳ್ಳಿ. ಒಂದು ಸಿಮ್ ಅಳೆಯುವಾಗ ಇನ್ನೊಂದನ್ನು ಆಫ್ ಮಾಡಿಡಿ, ಇಲ್ಲದಿದ್ದರೆ ಯಾವ ಅಂಕಿ ಯಾರದ್ದೆಂದು ಗೊಂದಲವಾಗುತ್ತದೆ. ವೈಫೈ ಕೂಡ ಆಫ್ ಇರಲಿ.

ಆರ್‌ಎಸ್‌ಆರ್‌ಪಿಯ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ ಹೆಚ್ಚು. ಅದು -80 ಡಿಬಿಎಂ ಅಥವಾ ಅದಕ್ಕಿಂತ ಮೇಲಿದ್ದರೆ ತುಂಬ ಚೆನ್ನ. -95ರ ತನಕ ತೊಂದರೆಯಿಲ್ಲ. -95ರಿಂದ -110ರ ನಡುವೆ ಹೊರಗೆ ಸರಿ, ಒಳಕೋಣೆಯಲ್ಲಿ ಅನುಮಾನ. -115 ದಾಟಿದರೆ ಕರೆ ಕಟ್ಟಾಗುವುದು ಶುರು. ಎಸ್‌ಐಎನ್‌ಆರ್ 20ಕ್ಕಿಂತ ಹೆಚ್ಚಿದ್ದರೆ ಉತ್ತಮ, 10ರ ಆಸುಪಾಸು ಸಾಕು, ಸೊನ್ನೆಗಿಂತ ಕೆಳಗಿದ್ದರೆ ಕಡ್ಡಿ ಪೂರ್ತಿ ಇದ್ದರೂ ವಿಡಿಯೋ ಸುತ್ತುತ್ತಲೇ ಇರುತ್ತದೆ. ಪೇಟೆಗಳಲ್ಲಿ ಬರುವ ತೊಂದರೆ ಹೆಚ್ಚಾಗಿ ಈ ಎರಡನೆಯದು: -85 ಇದ್ದೂ ಎಸ್‌ಐಎನ್‌ಆರ್ 2 ಇರುವ ಸಿಮ್‌ಗಿಂತ, -102 ಇದ್ದು ಎಸ್‌ಐಎನ್‌ಆರ್ 14 ಇರುವ ಸಿಮ್ ಚೆನ್ನಾಗಿ ಕೆಲಸ ಮಾಡುತ್ತದೆ.

ಅಳೆಯಬೇಕಾದ ಜಾಗ ಮೂರು: ಮಲಗುವ ಕೋಣೆ, ಅಡುಗೆಮನೆ, ಕೆಲಸ ಮಾಡುವ ಮೇಜು. ಹೊತ್ತು ಎರಡು: ಬೆಳಗ್ಗೆ ಬೇಗ, ಮತ್ತು ರಾತ್ರಿ 8ರಿಂದ 10ರ ನಡುವೆ. ರಾತ್ರಿ ಆರ್‌ಎಸ್‌ಆರ್‌ಪಿ ಅಷ್ಟೇ ಇದ್ದು ವೇಗ ಮಾತ್ರ ಕುಸಿದರೆ ಅದು ಜನಜಂಗುಳಿ. ಆಂಟೆನಾ ಹಾಕಿದರೂ ಹೋಗುವುದಿಲ್ಲ, ಜಾಲವನ್ನೇ ಬದಲಿಸಬೇಕು. ಪ್ರತಿ ಜಾಗದಲ್ಲೂ ಬ್ಯಾಂಡ್ ಸಂಖ್ಯೆಯನ್ನೂ ಬರೆದುಕೊಳ್ಳಿ. ಎರಡು ಸಿಮ್ ಬೇಕೆಂದು ಮೊದಲೇ ಕೊಳ್ಳಬೇಕಿಲ್ಲ. ನೆಂಟರ, ನೆರೆಯವರ ಫೋನು ಹತ್ತು ನಿಮಿಷ ಕೇಳಿ ಪಡೆದರೆ ಸಾಕು.

ಟವರ್ ಎಲ್ಲಿದೆ, ಅದರಲ್ಲಿ ಯಾರ ಯಾವ ತಂತ್ರಜ್ಞಾನ ಇದೆ ಎಂಬುದನ್ನು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದ ನಕ್ಷೆಯಲ್ಲಿ ನೋಡಬಹುದು. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಕಂಪನಿಗಳೂ ತಮ್ಮ ಜಾಲತಾಣದಲ್ಲಿ 2ಜಿ, 4ಜಿ, 5ಜಿ ವ್ಯಾಪ್ತಿಯ ನಕ್ಷೆ ಹಾಕಬೇಕು. ಕಂಪನಿಯ ನಕ್ಷೆಯಲ್ಲಿ ಊರು ಪೂರ್ತಿ ಬಣ್ಣ ತುಂಬಿದ್ದರೂ ಅದು ಬಯಲಿನ ಲೆಕ್ಕ. ಗುಡ್ಡದ ಮರೆ, ಅಡಿಕೆ ತೋಟ, ಜಂಬಿಟ್ಟಿಗೆ ಗೋಡೆ, ಇವುಗಳ ಲೆಕ್ಕ ನಿಮ್ಮ ಅಳತೆಯಲ್ಲಿ ಮಾತ್ರ ಸಿಗುತ್ತದೆ.

ಜೋಡಿ ಆರಿಸುವುದು

ತತ್ವ ಸರಳ: ಒಂದು ‘ದೂರದ’ ಜಾಲ, ಒಂದು ‘ವೇಗದ’ ಜಾಲ. ಕಡಿಮೆ ಆವರ್ತನದ ಅಲೆ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಹೆಚ್ಚು ಆವರ್ತನದ್ದು ಹತ್ತಿರದಲ್ಲಿ ಹೆಚ್ಚು ಡೇಟಾ ಹೊರುತ್ತದೆ. ಅದೇ ದೂರ, ಅದೇ ಬಗೆಯ ಆಂಟೆನಾ ಇಟ್ಟುಕೊಂಡರೆ 3300ರ ಅಲೆ 700ರ ಅಲೆಗಿಂತ ಸುಮಾರು 13 ಡೆಸಿಬೆಲ್ ದುರ್ಬಲವಾಗಿ ತಲುಪುತ್ತದೆ, ಅಂದರೆ ಇಪ್ಪತ್ತನೇ ಒಂದು ಪಾಲು. ಇದು ಬರೀ ಬಯಲಿನಲ್ಲಿ. ಗೋಡೆ, ಮರ ಬಂದರೆ ಅಂತರ ಇನ್ನೂ ಹೆಚ್ಚು.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಂಥ ಕಡೆ ಜಿಯೋ ಮತ್ತು ಏರ್‌ಟೆಲ್ ಜೋಡಿ ಚೆನ್ನಾಗಿ ಹೊಂದುತ್ತದೆ. ಒಂದು ಎಸ್‌ಎ, ಇನ್ನೊಂದು ಮುಖ್ಯವಾಗಿ ಎನ್‌ಎಸ್‌ಎ; ಒಂದರ ಕೋರ್ ಜಾಲದಲ್ಲಿ ದೋಷ ಬಂದರೆ ಇನ್ನೊಂದಕ್ಕೆ ಸಂಬಂಧವಿಲ್ಲ. ಲಿಫ್ಟ್, ನೆಲಮಾಳಿಗೆ ಪಾರ್ಕಿಂಗ್‌ಗಳಲ್ಲಿ ಏರ್‌ಟೆಲ್‌ನ 900ರ 2ಜಿ ಕರೆಗೆ ಉಳಿದಿರುತ್ತದೆ, ಕೋಣೆಯೊಳಗೆ ಜಿಯೋನ 700ರ 5ಜಿ ಡೇಟಾಗೆ ಇರುತ್ತದೆ.

ಮಲೆನಾಡು, ಕೊಡಗು, ಉತ್ತರ ಕನ್ನಡದ ಒಳಭಾಗಗಳಲ್ಲಿ ಜೋಡಿಯ ಒಂದು ಕಡೆ ಬಿಎಸ್‌ಎನ್‌ಎಲ್ ಇದೆಯೇ ಎಂದು ಮೊದಲು ಪರೀಕ್ಷಿಸಿ. ಅದರ ಟವರು ಎಷ್ಟೋ ಕಡೆ ದೂರವಾಣಿ ವಿನಿಮಯ ಕೇಂದ್ರದ ಆವರಣದಲ್ಲೇ ಇರುತ್ತದೆ, ಖಾಸಗಿಯವರದ್ದು ಬೇರೆ ಗುಡ್ಡದ ಮೇಲಿರುತ್ತದೆ. ನಮಗೆ ಬೇಕಾದ ‘ಬೇರೆ ಕಾರಣಕ್ಕೆ ಕೈಕೊಡುವ’ ಗುಣ ಅಲ್ಲಿಯೇ ಸಿಗುವುದು. ಅದಕ್ಕೆ ಬದಲಾಗಿ ಏರ್‌ಟೆಲ್-ವಿಐ ಜೋಡಿ ಹಾಕಿದರೆ ಒಂದೇ ಕಂಬದ ಮೇಲೆ ಇಬ್ಬರೂ ಕೂತಿರುವ ಸಾಧ್ಯತೆ ಹೆಚ್ಚು; ಟವರ್ ಬಾಡಿಗೆಗೆ ಕೊಡುವ ಇಂಡಸ್ ಟವರ್ಸ್ ಕಂಪನಿಗೆ ಇಬ್ಬರೂ ದೊಡ್ಡ ಬಾಡಿಗೆದಾರರು. ಪರೀಕ್ಷೆ ಸುಲಭ: ಮುಂದಿನ ಸಲ ದೀರ್ಘ ಕರೆಂಟು ಕಡಿತವಾದಾಗ ಯಾವ ಸಿಮ್ ಎಷ್ಟು ಗಂಟೆಗೆ ಬಿತ್ತು ಎಂದು ಬರೆದಿಡಿ. ಎರಡೂ ಒಂದೇ ನಿಮಿಷದಲ್ಲಿ ಬಿದ್ದರೆ ಜೋಡಿ ತಪ್ಪಾಗಿದೆ.

ಇರುವ ನಂಬರನ್ನು ಪೋರ್ಟ್ ಮಾಡುವ ಆತುರ ಬೇಡ. ಹೊಸ ಕಂಪನಿಯ ಎರಡನೇ ಸಿಮ್ ತಿಂಗಳು ಬಳಸಿ ನೋಡಿ, ಆಮೇಲೆ ತೀರ್ಮಾನಿಸಿ. ಒಮ್ಮೆ ಪೋರ್ಟ್ ಆದರೆ 90 ದಿನ ಅಲ್ಲೇ ಇರಬೇಕಾಗುತ್ತದೆ.

ಫೋನಿನೊಳಗೆ ಹೊಂದಿಸುವುದು

ಬ್ಯಾಂಕು, ಯುಪಿಐ, ಆಧಾರ್‌ಗೆ ಜೋಡಿಸಿದ ನಂಬರ್ ಯಾವುದೋ ಅದೇ ಕರೆಯ ಸಿಮ್ ಆಗಲಿ, ಮತ್ತು ಅದು ‘ದೂರದ’ ಜಾಲದ್ದಾಗಿರಲಿ. ಒಟಿಪಿಗೆ ವೇಗ ಬೇಡ, ಸಿಗ್ನಲ್ ಬೇಕು. ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ನೋಂದಾಯಿಸುವಾಗ ಆ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೋಗಲೇಬೇಕು. ಹೊರಹೋಗುವ ಎಸ್‌ಎಂಎಸ್ ಇಲ್ಲದ ಪ್ಲಾನ್ ಹಾಕಿದ್ದರೆ ನೋಂದಣಿ ಅಲ್ಲೇ ನಿಲ್ಲುತ್ತದೆ.

ಆಮೇಲೆ ಹೀಗೆ ಮಾಡಿ:

1. ಎರಡೂ ಸಿಮ್‌ಗೆ ವೋಲ್ಟಿ ಆನ್ ಮಾಡಿ. ಬಿಎಸ್‌ಎನ್‌ಎಲ್‌ನಲ್ಲಿ ಫೋನಿನ ಸ್ವಿಚ್ ಒತ್ತಿದರಷ್ಟೇ ಸಾಲದೆ ಕಂಪನಿಯ ಕಡೆಯಿಂದಲೂ ವೋಲ್ಟಿ ಚಾಲೂ ಆಗಬೇಕಾಗಬಹುದು. ಕಸ್ಟಮರ್ ಕೇರ್‌ಗೆ ಹೇಳಿ ಮಾಡಿಸಿಕೊಳ್ಳಿ.

2. ಡೇಟಾಗೆ ‘ವೇಗದ’ ಸಿಮ್ ಆರಿಸಿ. ಅದರ ನೆಟ್‌ವರ್ಕ್ ಬಗೆ ‘5ಜಿ/4ಜಿ ಆಟೋ’ ಇರಲಿ. 5ಜಿ ಅಂಚಿನಲ್ಲಿರುವ ಮನೆಯಲ್ಲಿ ಫೋನು 5ಜಿಗೂ 4ಜಿಗೂ ಜಿಗಿಯುತ್ತಾ ಬಿಸಿಯಾಗುತ್ತಿದ್ದರೆ 4ಜಿಗೆ ಸೀಮಿತಗೊಳಿಸಿ, ನಷ್ಟವೇನಿಲ್ಲ.

3. ಡೇಟಾ ತಾನಾಗಿ ಬದಲಾಗುವ ಸೌಲಭ್ಯ ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಸೆಟ್ಟಿಂಗ್ಸ್, ಕನೆಕ್ಷನ್ಸ್, ಸಿಮ್ ಮ್ಯಾನೇಜರ್‌ನೊಳಗೆ ‘ಆಟೋ ಡೇಟಾ ಸ್ವಿಚಿಂಗ್’. ಐಫೋನ್‌ನಲ್ಲಿ ಮೊಬೈಲ್ ಡೇಟಾ ಪುಟದಲ್ಲಿ ‘ಅಲೋ ಮೊಬೈಲ್ ಡೇಟಾ ಸ್ವಿಚಿಂಗ್’. ಬೇರೆ ಆಂಡ್ರಾಯ್ಡ್‌ಗಳಲ್ಲಿ ಸಿಮ್ ಪುಟದಲ್ಲೇ ಹುಡುಕಿ. ಹೆಸರು ಬದಲಾಗುತ್ತದೆ, ಕೆಲಸ ಅದೇ.

4. ನೆಟ್‌ವರ್ಕ್ ಆಯ್ಕೆ ‘ಆಟೋಮ್ಯಾಟಿಕ್’ ಇರಲಿ.

ಈಗ ಬಹಳ ಜನ ಎಡವುವ ವಿಷಯ. ಎರಡು ಸಿಮ್‌ನ ಫೋನುಗಳಲ್ಲಿ ಹೆಚ್ಚಿನವು ‘ಡ್ಯುಯಲ್ ಸ್ಟ್ಯಾಂಡ್‌ಬೈ’ ಬಗೆಯವು. ಒಂದೇ ರೇಡಿಯೋ ಎರಡು ಸಿಮ್‌ಗಳ ನಡುವೆ ಸಮಯ ಹಂಚಿಕೊಳ್ಳುತ್ತದೆ. ಒಂದರಲ್ಲಿ ಮಾತಾಡುತ್ತಿರುವಾಗ ಇನ್ನೊಂದಕ್ಕೆ ಕರೆ ಮಾಡಿದವರಿಗೆ ‘ನಾಟ್ ರೀಚಬಲ್’ ಕೇಳಿಸುತ್ತದೆ, ಡೇಟಾ ಸಿಮ್ ಅಲ್ಲದ ಸಿಮ್‌ನಲ್ಲಿ ಕರೆ ಬಂದರೆ ಇಂಟರ್ನೆಟ್ ನಿಲ್ಲುತ್ತದೆ. ಇದಕ್ಕೆ ಮೂರು ಉಪಾಯ. ಮೇಲೆ ಹೇಳಿದ ಡೇಟಾ ಸ್ವಿಚಿಂಗ್ ಆನ್ ಇದ್ದರೆ ಕರೆ ನಡೆಯುವಷ್ಟು ಹೊತ್ತು ಡೇಟಾ ಆ ಸಿಮ್‌ಗೇ ದಾಟುತ್ತದೆ. ಅದಕ್ಕಾಗಿ ಆ ಸಿಮ್‌ನಲ್ಲೂ ಒಂದಷ್ಟು ಡೇಟಾ ಇರಬೇಕು. ಐಫೋನ್‌ನಲ್ಲಿ ಎರಡೂ ಸಿಮ್‌ಗೆ ವೈಫೈ ಕಾಲಿಂಗ್ ಮತ್ತು ಡೇಟಾ ಸ್ವಿಚಿಂಗ್ ಆನ್ ಮಾಡಿಟ್ಟರೆ, ಒಂದರಲ್ಲಿ ಮಾತಾಡುವಾಗ ಇನ್ನೊಂದರ ಕರೆ ಮೊದಲನೆಯದರ ಡೇಟಾ ಮೂಲಕ ಬರುತ್ತದೆ. ಮೂರನೆಯದು ಎಲ್ಲ ಫೋನಿಗೂ ಆಗುವಂಥದ್ದು: ಕರೆ ವರ್ಗಾವಣೆ. ಎರಡನೇ ಸಿಮ್‌ನ ಕಾಲ್ ಫಾರ್ವರ್ಡಿಂಗ್‌ನಲ್ಲಿ ‘ಅನ್‌ರೀಚಬಲ್ ಆದಾಗ’ ಎಂಬಲ್ಲಿ ಮೊದಲ ಸಿಮ್‌ನ ನಂಬರ್ ಕೊಡಿ, ಮೊದಲ ಸಿಮ್‌ನಲ್ಲಿ ಕಾಲ್ ವೇಟಿಂಗ್ ಆನ್ ಮಾಡಿ. ಎರಡನೆಯದಕ್ಕೆ ಬಂದ ಕರೆ ಮೊದಲನೆಯದರಲ್ಲಿ ಟಿಣ್ ಟಿಣ್ ಎನ್ನುತ್ತದೆ. ‘ಯಾವಾಗಲೂ’ ಎಂಬ ಆಯ್ಕೆಯನ್ನು ಮುಟ್ಟಬೇಡಿ.

ಈ ವರ್ಗಾವಣೆಯನ್ನು ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲೇ ಮಾಡಿ. *401# ಥರದ ಕೋಡ್ ಒತ್ತಿಸಿ ಜನರ ಕರೆಗಳನ್ನು ತಮ್ಮ ನಂಬರಿಗೆ ತಿರುಗಿಸಿಕೊಂಡು ಒಟಿಪಿ ಕದಿಯುವ ವಂಚನೆ ಹೆಚ್ಚಾದ ಕಾರಣ, 2024ರ ಏಪ್ರಿಲ್ 15ರಿಂದ ಕೋಡ್ ಮೂಲಕದ ವರ್ಗಾವಣೆ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಯಾರಾದರೂ ಫೋನ್ ಮಾಡಿ ಇಂಥ ಕೋಡ್ ಒತ್ತಿ ಎಂದರೆ ಇಟ್ಟುಬಿಡಿ.

ಬ್ಯಾಟರಿ ಬೇಗ ಖಾಲಿಯಾಗುತ್ತಿದ್ದರೆ ಅನುಮಾನ ಮೊದಲು ಹೋಗಬೇಕಾದ್ದು ಸಿಗ್ನಲ್ ಇಲ್ಲದ ಸಿಮ್ ಮೇಲೆ. ಸಿಗದ ಜಾಲವನ್ನು ಫೋನು ಹುಡುಕುತ್ತಲೇ ಇರುತ್ತದೆ. ಮನೆಯಲ್ಲಿ ಯಾವತ್ತೂ ಸಿಗದ ಸಿಮ್ ಆದರೆ ಮನೆಗೆ ಬಂದಾಗ ಅದನ್ನು ಸಿಮ್ ಪುಟದಲ್ಲಿ ಆಫ್ ಮಾಡಿ.

ವೈಫೈ ಕಾಲಿಂಗ್

ಮೊಬೈಲ್ ಸಿಗ್ನಲ್ ಸಿಗದ ಮನೆಗೆ ಫೈಬರ್ ಬಂದಿದ್ದರೆ ಮೂರನೇ ಜಾಲ ಆಗಲೇ ಕೈಯಲ್ಲಿದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ವೈಫೈ ಕಾಲಿಂಗ್ ಶುರು ಮಾಡಿದವು. ಇದಕ್ಕೆ ಬೇರೆ ಆ್ಯಪ್ ಬೇಡ. ಅದೇ ನಂಬರ್, ಅದೇ ಡಯಲರ್. ಸಿಮ್ ಪುಟದಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ, ಆದ್ಯತೆ ಕೇಳಿದರೆ ಮನೆಯೊಳಗೆ ಸಿಗ್ನಲ್ ದುರ್ಬಲ ಇರುವವರು ‘ವೈಫೈ’ ಆರಿಸಿ. ಕೆಲಸ ಮಾಡುತ್ತಿದೆಯೇ ಎಂದು ನೋಡಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ, ಒಂದು ನಿಮಿಷ ಬಿಟ್ಟು ಕರೆ ಮಾಡಿ.

ಆನ್ ಇದ್ದೂ ಬರದಿದ್ದರೆ ಕಾರಣ ಹೆಚ್ಚಾಗಿ ರೌಟರ್. ವೈಫೈ ಕಾಲಿಂಗ್ ಐಪಿಸೆಕ್ ಎಂಬ ಗೂಢಲಿಪಿಯ ಸುರಂಗದ ಮೂಲಕ ಹೋಗುತ್ತದೆ. ಅದಕ್ಕೆ ಯುಡಿಪಿ 500 ಮತ್ತು 4500 ಪೋರ್ಟ್‌ಗಳು (ಡೇಟಾ ಹಾಯುವ ಸಂಖ್ಯೆ ಹಾಕಿದ ಬಾಗಿಲುಗಳು) ತೆರೆದಿರಬೇಕು. ಹಾಸ್ಟೆಲ್, ಕಚೇರಿ, ಲಾಡ್ಜ್‌ಗಳ ಫೈರ್‌ವಾಲ್ ಇವನ್ನು ಮುಚ್ಚಿರುತ್ತದೆ. ಮನೆಯ ರೌಟರ್‌ನಲ್ಲಿ ‘ಐಪಿಸೆಕ್ ಪಾಸ್‌ಥ್ರೂ’ ಆನ್ ಇದೆಯೇ ನೋಡಿ. ಫೋನಿನಲ್ಲಿ ವಿಪಿಎನ್ ಹಾಕಿದ್ದರೆ ತೆಗೆದು ಪರೀಕ್ಷಿಸಿ. ಮಾತಾಡುತ್ತಾ ಅಂಗಳಕ್ಕೆ ಇಳಿದಾಗ ಕರೆ ಕಟ್ಟಾದರೆ ಅಂಗಳದಲ್ಲಿ ಆ ಸಿಮ್‌ನ 4ಜಿ ಇಲ್ಲವೆಂದರ್ಥ: ವೈಫೈಯಿಂದ ವೋಲ್ಟಿಗೆ ಕರೆ ದಾಟುತ್ತದೆ, 2ಜಿಗೆ ದಾಟುತ್ತದೆಂದು ನಂಬಿ ಕೂರುವಂತಿಲ್ಲ.

ಕಂಪನಿಗಳೇ ಜಾಲ ಹಂಚಿಕೊಂಡಾಗ

ಸರಕಾರದ ಡಿಜಿಟಲ್ ಭಾರತ್ ನಿಧಿಯಿಂದ ಕುಗ್ರಾಮಗಳಲ್ಲಿ ಹಾಕಿದ 4ಜಿ ಟವರ್‌ಗಳಲ್ಲಿ ಮೊದಲು ಒಂದೇ ಕಂಪನಿಯ ಗ್ರಾಹಕರಿಗೆ ಸಿಗ್ನಲ್ ಸಿಗುತ್ತಿತ್ತು. 2025ರ ಜನವರಿ 17ರಿಂದ ಇಂಥ ಟವರ್‌ಗಳಲ್ಲಿ ಇಂಟ್ರಾ ಸರ್ಕಲ್ ರೋಮಿಂಗ್ ಶುರುವಾಗಿ, ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಗ್ರಾಹಕರು ಪರಸ್ಪರರ ಟವರ್ ಬಳಸುವಂತಾಯಿತು. ಚಂಡಮಾರುತ, ಪ್ರವಾಹದ ಹೊತ್ತಿನಲ್ಲಿ ಇಲಾಖೆ ಕೆಲವು ಜಿಲ್ಲೆಗಳಿಗೆ ತಾತ್ಕಾಲಿಕವಾಗಿಯೂ ಇದನ್ನು ತೆರೆಯುತ್ತದೆ.

ಬಳಸುವ ಕ್ರಮ: ಸಿಮ್ ಪುಟದಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ಮ್ಯಾನುಯಲ್‌ಗೆ ಬದಲಿಸಿ. ಹುಡುಕಾಟಕ್ಕೆ ಒಂದೆರಡು ನಿಮಿಷ ಬೇಕಾಗುತ್ತದೆ, ನಡುವೆ ಕೈಬಿಡಬೇಡಿ. ಪಟ್ಟಿಯಲ್ಲಿ ಬಂದ ಬೇರೆ ಕಂಪನಿಯ ಹೆಸರು ಒತ್ತಿ. ‘ಅನುಮತಿ ಇಲ್ಲ’ ಎಂದರೆ ಅಲ್ಲಿ ಹಂಚಿಕೆ ತೆರೆದಿಲ್ಲ. ಜೋಡಿಸಿಕೊಂಡು ಇಂಟರ್ನೆಟ್ ಮಾತ್ರ ಬರದಿದ್ದರೆ ‘ಡೇಟಾ ರೋಮಿಂಗ್’ ಆನ್ ಮಾಡಿ. ಆ ಜಾಗ ಬಿಟ್ಟ ಮೇಲೆ ಮತ್ತೆ ಆಟೋಮ್ಯಾಟಿಕ್‌ಗೆ ತನ್ನಿ. ಮರೆತರೆ ಪೇಟೆಗೆ ಬಂದ ಮೇಲೂ ಫೋನು ಸಿಗ್ನಲ್ ಇಲ್ಲದೆ ಕೂತಿರುತ್ತದೆ, ಜನ ಸಿಮ್ ಹಾಳಾಯಿತೆಂದು ಅಂಗಡಿಗೆ ಹೋಗುತ್ತಾರೆ.

ತುರ್ತು ಸಂಖ್ಯೆ 112ಕ್ಕೆ ಇದೇನೂ ಬೇಕಿಲ್ಲ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಸುತ್ತ ಯಾರದ್ದೇ ಜಾಲ ಸಿಕ್ಕರೆ ಫೋನು ಅದರ ಮೂಲಕ 112ಕ್ಕೆ ಕರೆ ಕಳಿಸಲು ನೋಡುತ್ತದೆ. ಪರೀಕ್ಷೆಗೆಂದು ಒತ್ತಬೇಡಿ.

ಮನೆಗೆ, ಅಂಗಡಿಗೆ: ಎರಡು ಜಾಲದ ರೌಟರ್

ಯುಪಿಐ, ಬಿಲ್ಲಿಂಗ್, ಮನೆಯಿಂದ ಕೆಲಸ ಇವುಗಳಿಗೆ ಇಂಟರ್ನೆಟ್ ನಿಲ್ಲಬಾರದೆಂದರೆ ಫೈಬರ್ ಜೊತೆ ಒಂದು ಸಿಮ್, ಅಥವಾ ಎರಡು ಸಿಮ್, ರೌಟರ್‌ನಲ್ಲಿ ಇರಬೇಕು. ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಎರಡು ಸಿಮ್‌ಗೆ ಎರಡು ಮೋಡೆಮ್ (ಮೊಬೈಲ್ ಜಾಲ ಹಿಡಿಯುವ ಭಾಗ) ಇದೆಯೋ, ಒಂದೇ ಮೋಡೆಮ್‌ಗೆ ಎರಡು ಸಿಮ್ ಗೂಡಿದೆಯೋ? ಒಂದೇ ಮೋಡೆಮ್ ಇದ್ದರೆ ಮೊದಲ ಸಿಮ್ ಬಿದ್ದ ಮೇಲೆ ಎರಡನೆಯದು ಜಾಲ ಹುಡುಕಿ ಸೇರಿಕೊಳ್ಳುವ ತನಕ ಕಾಯಬೇಕು. ಬಿಲ್ಲಿಂಗ್‌ಗೆ ಅದು ನಡೆಯುತ್ತದೆ, ಸಂದರ್ಶನದ ವಿಡಿಯೋ ಕರೆಗೆ ನಡೆಯುವುದಿಲ್ಲ.

ರೌಟರ್ ತಾನಾಗಿ ಬದಲಿಸಬೇಕಾದರೆ ಲೈನ್ ಸತ್ತಿದೆ ಎಂದು ಅದಕ್ಕೆ ತಿಳಿಯಬೇಕು. ಕೇಬಲ್ ಸಿಕ್ಕಿಸಿಯೇ ಇರುತ್ತದೆ, ಆಚೆ ಫೈಬರ್ ತುಂಡಾಗಿರುತ್ತದೆ; ದೀಪ ಹಸಿರೇ ಇರುತ್ತದೆ. ಹಾಗಾಗಿ ‘ಪಿಂಗ್ ಪರೀಕ್ಷೆ’ (ಆಚೆಯ ಸರ್ವರ್‌ಗೆ ಸಣ್ಣ ಸಂದೇಶ ಕಳಿಸಿ ಉತ್ತರಕ್ಕೆ ಕಾಯುವುದು) ಹೊಂದಿಸಿ: 8.8.8.8 ಮತ್ತು 1.1.1.1 ಎರಡಕ್ಕೂ ಪ್ರತಿ 5 ಸೆಕೆಂಡಿಗೊಮ್ಮೆ. ಸತತ 3 ಸಲ ಎರಡೂ ಉತ್ತರಿಸದಿದ್ದರೆ ಬದಲಿಸು, ಸತತ 5 ಸಲ ಉತ್ತರ ಬಂದರೆ ಮರಳು. ಒಂದೇ ವಿಳಾಸ ಕೊಟ್ಟರೆ ಆ ಸರ್ವರ್ ಒಂದು ಕ್ಷಣ ಸುಮ್ಮನಾದರೂ ರೌಟರ್ ಹೌಹಾರುತ್ತದೆ. ಮರಳುವುದಕ್ಕೆ ಹೆಚ್ಚು ಎಣಿಕೆ ಇಡುವುದು, ಬಂದು ಹೋಗುವ ಲೈನಿನ ಹಿಂದೆ ರೌಟರ್ ಓಡಾಡದಿರಲಿ ಎಂದು. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಸಾಫ್ಟ್‌ವೇರ್ ಇರುವ ರೌಟರ್‌ಗಳಲ್ಲಿ ಈ ಕೆಲಸಕ್ಕೆ ‘ಎಂವ್ಯಾನ್3’ ಪ್ಯಾಕೇಜ್ ಇದೆ. ಎಪಿಎನ್ (ಸಿಮ್ ಇಂಟರ್ನೆಟ್ ಸೇರುವ ದ್ವಾರದ ಹೆಸರು) ತಾನಾಗಿ ತುಂಬದಿದ್ದರೆ ಜಿಯೋಗೆ ‘ಜಿಯೋನೆಟ್’, ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’. ಬರೆಯುವುದು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ.

ಎರಡನ್ನೂ ಒಟ್ಟಿಗೆ ಓಡಿಸಿ ವೇಗ ಕೂಡಿಸಬಹುದೇ? ಲೋಡ್ ಬ್ಯಾಲೆನ್ಸಿಂಗ್‌ನಲ್ಲಿ ಕೂಡುವುದಿಲ್ಲ. ಒಂದು ಡೌನ್‌ಲೋಡ್ ಒಂದೇ ಲೈನಿನಲ್ಲಿ ಹೋಗುತ್ತದೆ, ಇನ್ನೊಬ್ಬರದ್ದು ಇನ್ನೊಂದರಲ್ಲಿ. ಐದಾರು ಜನ ಇರುವ ಮನೆಗೆ ಇದೇ ಸಾಕು. ಆದರೆ ಬ್ಯಾಂಕ್ ಜಾಲತಾಣಗಳು ನಡುವೆ ಐಪಿ ವಿಳಾಸ ಬದಲಾಯಿತೆಂದು ಲಾಗೌಟ್ ಮಾಡಬಹುದು. ಎಚ್‌ಟಿಟಿಪಿಎಸ್ ಸಂಪರ್ಕಗಳಿಗೆ ‘ಸ್ಟಿಕಿ’ ನಿಯಮ ಹಾಕಿ, ಆಗ ಒಂದು ಸಾಧನ ಹಿಡಿದ ಲೈನನ್ನೇ ಸ್ವಲ್ಪ ಹೊತ್ತು ಹಿಡಿದಿರುತ್ತದೆ. ನಿಜವಾಗಿ ಕೂಡಿಸಬೇಕಾದರೆ ಬಾಂಡಿಂಗ್ ಬೇಕು: ಎರಡೂ ಲೈನುಗಳ ತುಣುಕುಗಳನ್ನು ಆಚೆ ಒಂದು ಸರ್ವರ್ ಮತ್ತೆ ಹೊಂದಿಸಬೇಕು. ಸ್ಪೀಡಿಫೈ ಈ ಸೇವೆಯನ್ನು ಮಾರುತ್ತದೆ. ಓಪನ್‌ಎಂಪಿಟಿಸಿಪಿರೌಟರ್ ಎಂಬ ಮುಕ್ತ ಸಾಫ್ಟ್‌ವೇರ್‌ಗೆ ನೀವೇ ಬಾಡಿಗೆ ಸರ್ವರ್ ಇಡಬೇಕು. ಎರಡು ಲೈನುಗಳ ವಿಳಂಬದಲ್ಲಿ ದೊಡ್ಡ ಅಂತರವಿದ್ದರೆ ಬಾಂಡಿಂಗ್‌ನಿಂದ ವೇಗ ತಗ್ಗುವುದೂ ಉಂಟು. ನೇರಪ್ರಸಾರ ಮಾಡುವವರನ್ನು ಬಿಟ್ಟರೆ ಉಳಿದವರು ಇದಕ್ಕೆ ದುಡ್ಡು ಸುರಿಯಬೇಕಿಲ್ಲ.

ಹೊರಗಿನ ಆಂಟೆನಾ ಹಾಕುವಾಗ ಹಣ ವ್ಯರ್ಥವಾಗುವುದು ಕೇಬಲ್‌ನಲ್ಲಿ. ತೆಳ್ಳಗಿನ ಆರ್‌ಜಿ-58 ಕೇಬಲ್ 2300 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡೆಸಿಬೆಲ್ ನುಂಗುತ್ತದೆ. 10 ಮೀಟರ್ ಎಳೆದರೆ 10 ಡೆಸಿಬೆಲ್ ಹೋಯಿತು, ಆಂಟೆನಾ ಗಳಿಸಿಕೊಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ. ದಪ್ಪ ಎಲ್‌ಎಂಆರ್-400 ಆದರೆ ಅದೇ ದೂರಕ್ಕೆ ಸುಮಾರು 2 ಡೆಸಿಬೆಲ್. ಅದಕ್ಕಿಂತ ಜಾಣತನ, ಮೋಡೆಮ್ ಒಳಗೇ ಇರುವ ಹೊರಾಂಗಣ ಪೆಟ್ಟಿಗೆಯನ್ನು ತಾರಸಿಯಲ್ಲಿ ಕೂರಿಸಿ ಕೆಳಗೆ ಈಥರ್ನೆಟ್ ತರುವುದು. ಕರೆಂಟೂ ಅದೇ ತಂತಿಯಲ್ಲಿ ಮೇಲೆ ಹೋಗುತ್ತದೆ, 100 ಮೀಟರ್ ತನಕ ಸಿಗ್ನಲ್ ನಷ್ಟದ ಮಾತಿಲ್ಲ. ಬರೀ ಆಂಟೆನಾ ಹಾಕುವುದಾದರೆ ಎರಡು ಬೇಕು, ಒಂದನ್ನು ಎಡಕ್ಕೆ ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ. 698ರಿಂದ 2700 ಎಂದು ಬರೆದಿರುವ ಆಂಟೆನಾ 3300ರ 5ಜಿಗೆ ಆಗುವುದಿಲ್ಲ, 3800ರ ತನಕ ಇರುವುದನ್ನು ಕೊಳ್ಳಿ. ಎರಡು ಜಾಲದ ಟವರ್ ಎರಡು ದಿಕ್ಕಿನಲ್ಲಿದ್ದರೆ ಒಂದೇ ಆಂಟೆನಾ ಎರಡಕ್ಕೂ ಒದಗದು.

ಆನ್‌ಲೈನ್‌ನಲ್ಲಿ ಮಾರುವ ‘ಸಿಗ್ನಲ್ ಬೂಸ್ಟರ್’ ಬೇಡ. ಪರವಾನಗಿ ಇಲ್ಲದೆ ಅದನ್ನು ಇಡುವುದು ಕಾನೂನುಬಾಹಿರ. ಜೊತೆಗೆ ಸುತ್ತಲಿನವರ ಸಿಗ್ನಲ್ ಕೆಡಿಸುತ್ತದೆ.

ಕರೆಂಟು ಮತ್ತು ರೀಚಾರ್ಜ್

ಮೂರು ಜಾಲ ಇದ್ದೂ ರೌಟರ್‌ಗೆ ಕರೆಂಟಿಲ್ಲದಿದ್ದರೆ ಏನೂ ಇಲ್ಲ. ಲೆಕ್ಕ ಹೀಗೆ: ರೌಟರ್ 8 ವಾಟ್, ಫೈಬರ್ ಪೆಟ್ಟಿಗೆ 6 ವಾಟ್, ಒಟ್ಟು 14. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವಾಟ್-ಅವರ್ ಇದೆ. ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು, ಅಂದರೆ 3 ಗಂಟೆ. ಮಲೆನಾಡಿನ ಮಳೆಗಾಲಕ್ಕೆ ಇದು ಸಾಲದು. ಕರೆಂಟು ಹೋದಾಗ ಫೈಬರ್ ಕೂಡ ಆಚೆ ಕಡೆಯಿಂದ ಸತ್ತಿದ್ದರೆ ಫೈಬರ್ ಪೆಟ್ಟಿಗೆ ಆರಿಸಿಬಿಡಿ, ಸಿಮ್ ರೌಟರ್ ಒಂದೇ 5 ಗಂಟೆ ಓಡುತ್ತದೆ. ಸಿಡಿಲಿನ ಊರುಗಳಲ್ಲಿ ತಾರಸಿಯ ಕಂಬಕ್ಕೆ ಅರ್ಥಿಂಗ್, ಈಥರ್ನೆಟ್‌ಗೆ ಸರ್ಜ್ ಅರೆಸ್ಟರ್ (ಏಕಾಏಕಿ ನುಗ್ಗುವ ವಿದ್ಯುತ್ ತಡೆಯುವ ಸಾಧನ) ಹಾಕದೆ ಪೆಟ್ಟಿಗೆ ಏರಿಸಬೇಡಿ.

ಎರಡನೇ ಸಿಮ್ ಸಾಯುವುದು ಹೆಚ್ಚಾಗಿ ಮರೆವಿನಿಂದ. 90 ದಿನ ಏನೂ ಬಳಸದಿದ್ದರೆ ಪ್ರೀಪೇಯ್ಡ್ ನಂಬರ್ ರದ್ದಾಗಬಹುದು; ಖಾತೆಯಲ್ಲಿ 20 ರೂಪಾಯಿ ಕರೆನ್ಸಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದುವರಿಸಬೇಕೆಂಬುದು ಟ್ರಾಯ್ ನಿಯಮ. ಆದರೆ ನಂಬರ್ ಉಳಿಯುವುದೇ ಬೇರೆ, ಅದರಲ್ಲಿ ಕರೆ ಬರುವುದೇ ಬೇರೆ. ಡೇಟಾ ಬೇಡದ ಸಿಮ್‌ಗಾಗಿ ಟ್ರಾಯ್ ಆದೇಶದ ಮೇಲೆ 2025ರ ಜನವರಿಯಿಂದ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲಾನ್‌ಗಳು ಬಂದಿವೆ, ವರ್ಷದ ಅವಧಿಯದ್ದೂ ಇದೆ. ಆ್ಯಪ್‌ನಲ್ಲಿ ಇವು ಕೆಳಗೆಲ್ಲೋ ಅವಿತಿರುತ್ತವೆ. ‘ವಾಯ್ಸ್ ಓನ್ಲಿ’ ಅಥವಾ ‘ವ್ಯಾಲ್ಯೂ’ ಎಂದು ಹುಡುಕಿ. ಆದರೆ ಕರೆಯ ನಡುವೆ ಡೇಟಾ ಈ ಸಿಮ್‌ಗೆ ದಾಟಬೇಕು ಎಂದು ಮೇಲೆ ಹೊಂದಿಸಿದ್ದರೆ ಇಂಥ ಪ್ಲಾನ್‌ನಲ್ಲಿ ಅದು ನಡೆಯುವುದಿಲ್ಲ. ಆಗ ಚಿಕ್ಕ ಡೇಟಾ ಪ್ಲಾನ್ ಒಂದನ್ನೇ ಹಾಕಿಸಿಕೊಳ್ಳಿ. ಎರಡು ಸಿಮ್‌ಗಳ ಅವಧಿ ಒಂದೇ ವಾರದಲ್ಲಿ ಮುಗಿಯದಂತೆ ರೀಚಾರ್ಜ್ ದಿನಾಂಕಗಳನ್ನು ಹದಿನೈದು ದಿನ ಅಂತರದಲ್ಲಿಡಿ.